ಗಂಟು ಎಂಬ ಟ್ಯಾಗು

ಬ್ಲಾಗು ಬರೆಯುತ್ತೇನೆ ಎಂದರೆ ನಮ್ಮ ಕಡೆಯವರು ನನ್ನನ್ನು ಬಿಟ್ಟು ನನ್ನ ಗಂಡನ ಮುಖ ನೋಡುತ್ತಾರೆ, ಪಾಪ ಎನ್ನುವ ಹಾಗೆ. ತಿಪಟೂರಿಗೆ ಹತ್ತಿರದ ಹಳ್ಳಿ ನಮ್ಮದು. ತೆಂಗಿನ ತೋಟ, ತುಸು ರಾಗಿ ಹೊಲ, ಹಸುಗಳು, ಅತ್ತೆ, ಗಂಡ, ನಾನು. ಇಷ್ಟರಲ್ಲಿ ಬರೆಯುವುದಕ್ಕೆ ಏನಿದೆ ಎಂದು ಕೇಳಿದವರಿಗೆ ನಾನು ಉತ್ತರ ಕೊಟ್ಟವಳಲ್ಲ. ಮಧ್ಯಾಹ್ನ ಪಾತ್ರೆ ತೊಳೆದು, ಹಸುಗಳಿಗೆ ನೀರಿಟ್ಟು ಬಂದ ಮೇಲೆ ಸಿಗುವ ಹೊತ್ತಿನಲ್ಲಿ ಬರೆಯುತ್ತಾ ಹೋದೆ. ಅಟ್ಟದ ಮೇಲೆ ಕಾಯಿ ಒಣಗುವುದು, ಒಣಗಿ ಒಳಗೇ ಕೊಬ್ಬರಿಯಾಗಿ ಅಲ್ಲಾಡಿಸಿದರೆ ಲೊಟಲೊಟ ಎನ್ನುವುದು, ಕಾಯಿ ಸುಲಿಯಲು ಬಂದವರ ಹರಟೆ, ಅವರೆಕಾಯಿ ಕಾಲದ ಜಗಳಗಳು. ಕೆಲವು ವರ್ಷ ಕಳೆದು ನೋಡಿದರೆ ರಾಶಿ ಬಿದ್ದಿತ್ತು.

ರಾಶಿಯಲ್ಲಿ ಬೇಕಾದದ್ದು ಮಾತ್ರ ಸಿಗುತ್ತಿರಲಿಲ್ಲ. ಒಮ್ಮೆ ಮರಗಳಿಗೆ ನುಸಿ ಬಿದ್ದಾಗ, ಹಿಂದೆ ಬೇರಿಗೆ ಬೇವಿನ ಔಷಧಿ ಕಟ್ಟಿದ್ದನ್ನು ನೀನೇ ಬರೆದಿದ್ದೆಯಲ್ಲ, ತೆಗೆದುಕೊಡು ಎಂದು ಗಂಡ ಕೇಳಿದರು. ನಾನು ಸಂಜೆಯವರೆಗೆ ನನ್ನ ಬ್ಲಾಗಿನಲ್ಲಿ ನಾನೇ ಕಳೆದುಹೋದೆ. ಬರಹದ ಕೆಳಗೆ ಒಂದೆರಡು ಪದ ಅಂಟಿಸುತ್ತಾರಲ್ಲ, ಟ್ಯಾಗು, ಅದನ್ನು ನಾನೂ ತಪ್ಪದೆ ಅಂಟಿಸಿದ್ದೆ. ಒಂದು ಟ್ಯಾಗನ್ನು ಒತ್ತಿದರೆ ಅದೇ ಪದ ಅಂಟಿಸಿಕೊಂಡ ಬರಹಗಳೆಲ್ಲ ಒಟ್ಟಿಗೆ ಬಂದು ನಿಲ್ಲಬೇಕು. ನಾನು ಅಂಟಿಸಿದ ಪದಗಳು ಹೀಗಿದ್ದವು: ನೆನಪು, ಬದುಕು, ಮೌನ, ಸುಮ್ಮನೆ. ‘ನೆನಪು’ ಒತ್ತಿದರೆ ಹೆಚ್ಚುಕಡಿಮೆ ಇಡೀ ಬ್ಲಾಗೇ ಎದ್ದು ಬರುತ್ತಿತ್ತು. ನುಸಿಯ ಬರಹ ಕೊನೆಗೆ ‘ಮೌನ’ದಲ್ಲಿ ಸಿಕ್ಕಿತು.

ಗಂಡ ನಗಲಿಲ್ಲ, ಅದೇ ದೊಡ್ಡದು. ಕನ್ನಡಕ ತೆಗೆದು ಹೇಳಿದರು: “ಗೋಣಿಚೀಲದ ಮ್ಯಾಲೆ ‘ನೆನಪು’ ಅಂತ ಬರ್ದು ಮಂಡಿಗೆ ಕಳಿಸಿದ್ರೆ ಯಾವನು ಕೊಂಡ್ಕಂಡಾನು ಕಣೇ? ಒಳಗೇನೈತೋ ಅದನ್ನ ಬರಿ.”

ಸಿಟ್ಟು ಬಂತು. ಸರಿಯಾಗಿ ಹೇಳಿದ್ದರಿಂದ ಇನ್ನೂ ಹೆಚ್ಚು ಬಂತು. ಆದರೂ ಮಾರನೆಯ ದಿನದಿಂದ ಹಳೆಯ ಬರಹಗಳನ್ನು ಒಂದೊಂದಾಗಿ ತೆರೆದು ಟ್ಯಾಗು ಬದಲಿಸುತ್ತಾ ಕುಳಿತೆ. ಅಟ್ಟ, ನುಸಿ, ಮಟ್ಟೆ, ಅವರೆ, ಹಸು, ರಾಗಿ. ಬ್ಲಾಗಿನ ಹಿಂಬದಿಯ ಪುಟದಲ್ಲಿ ಜನ ಯಾವ ಪದ ಹುಡುಕುತ್ತಾ ಬಂದರು ಎನ್ನುವುದು ಅಷ್ಟಿಷ್ಟು ಕಾಣುತ್ತದೆ. ಅದನ್ನು ನೋಡಿ ನೋಡಿ ಒಂದು ವಿಷಯ ತಲೆಗೆ ಹತ್ತಿತು. ಟ್ಯಾಗು ಬರೆಯುವವಳ ಪದವಲ್ಲ, ಹುಡುಕುವವರ ಪದ. ನಾನು ಕಾಗುಣಿತ ತಪ್ಪದೆ ‘ಕೊಬ್ಬರಿ’ ಎಂದು ಬರೆದರೆ, ಹುಡುಕುವವರು ‘ಕೊಬರಿ’ ಎನ್ನುತ್ತಾರೆ, ‘ಕೊಬ್ರಿ’ ಎನ್ನುತ್ತಾರೆ. ಹಾಗಾಗಿ ಮೂರನ್ನೂ ಅಂಟಿಸಿದೆ. ನಾವು ಸುಮ್ಮನೆ ‘ಕಾಯಿ’ ಎಂದರೆ ತೆಂಗಿನಕಾಯಿ ಎಂದೇ ಅರ್ಥ. ಬೇರೆ ಊರಿನವರಿಗೆ ಮಾವಿನದೂ ಕಾಯಿ, ಬದನೆಯದೂ ಕಾಯಿ. ‘ಹಿಟ್ಟು’ ಎಂದರೆ ನಮಗೆ ತಟ್ಟೆಯಲ್ಲಿರುವ ಮುದ್ದೆ, ಅವರಿಗೆ ಡಬ್ಬಿಯಲ್ಲಿರುವ ಪುಡಿ. ಊರಿನ ಮಾತನ್ನು ಊರಿನಾಚೆಗೆ ಕಳಿಸುವಾಗ ಇಂಥ ಕಿರಿಕಿರಿ ಬಹಳ.

ಎಲ್ಲಕ್ಕಿಂತ ದೊಡ್ಡ ಕಿರಿಕಿರಿ ಹಾವಿನ ಬರಹದ್ದು. ನಮ್ಮ ಮನೆಯಲ್ಲಿ ಹಾವು ಎನ್ನುವಂತಿಲ್ಲ. ‘ಹುಳ’ ಎನ್ನಬೇಕು. ಕಚ್ಚಿದರೆ ‘ಹುಳ ಮುಟ್ಟಿತು’. ತೋಟದ ಮಟ್ಟೆ ರಾಶಿಯಲ್ಲಿ ನಾಗರಹಾವು ಕಂಡದ್ದನ್ನು ನಾನು ಬರೆದಿದ್ದೆ, ಅಭ್ಯಾಸಬಲದಿಂದ ‘ಹುಳ’ ಎಂದು ಟ್ಯಾಗು ಹಾಕಿದ್ದೆ. ತೆಂಗಿನ ಗರಿ ತಿನ್ನುವ ಹುಳಕ್ಕೆ ಔಷಧಿ ಹುಡುಕಿಕೊಂಡು ಬಂದವರೆಲ್ಲ ನಾಗರಹಾವಿನ ಮುಂದೆ ನಿಂತರು. ಒಬ್ಬರಂತೂ, ಇಷ್ಟು ದೊಡ್ಡ ಹುಳಕ್ಕೆ ಯಾವ ಪುಡಿ ಹೊಡೆದಿರಿ ಎಂದು ಕೇಳಿದ್ದರು.

ಇದನ್ನೆಲ್ಲ ಕಲಿಸಿದವರು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರಿಂದ ಮಾತು ಕಲಿಯುವುದೇ ನನಗೊಂದು ಕೆಲಸವಾಗಿತ್ತು. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಎಂದರೆ ಕರೆದು ಕೂರಿಸಿ, ‘ಬತ್ತೀನಿ’ ಎನ್ನಿಸಿಯೇ ಕಳಿಸುತ್ತಿದ್ದರು. ಯಾಕೆ ಎಂದು ಕೇಳಿದರೆ ಒಂದೇ ಉತ್ತರ. ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ ಅದು ಬರುತ್ತದೆ.

ಟ್ಯಾಗಿನ ತತ್ವವೂ ಅಕ್ಷರಶಃ ಅದೇ. ಹೆಸರು ಹಿಡಿದು ಕರೆದರೆ ಬರಬೇಕು. ಅತ್ತೆಗೆ ಅದು ಭಯ, ನನಗೆ ಅನುಕೂಲ.

ಹೀಗೆ ಸರಿಮಾಡುತ್ತಾ ಹೋಗುವಾಗ ‘ಗಂಟು’ ಎಂದೊಂದು ಟ್ಯಾಗು ಹುಟ್ಟಿತು. ಮುದ್ದೆ ತೊಳಸುವಾಗ ಗಂಟು ಬರದ ಹಾಗೆ ಏನು ಮಾಡಬೇಕು ಎಂದು ಹುಡುಕುವವರು ಬಹಳ ಜನ. ಅವರಿಗಾಗಿ ನನ್ನ ಮುದ್ದೆಯ ಬರಹಕ್ಕೆ ಅದನ್ನು ಅಂಟಿಸಿದೆ. ಹಸುವಿನ ಹಗ್ಗಕ್ಕೆ ಹಾಕುವ ಗಂಟಿನ ಬಗ್ಗೆ ಬರೆದದ್ದೂ ಅಲ್ಲಿಗೇ ಸೇರಿತು. ಮದುವೆಯಲ್ಲಿ ಸೆರಗಿಗೆ ಶಲ್ಯ ಸೇರಿಸಿ ಹಾಕಿದ ಗಂಟು ಬಿಚ್ಚದೆ ಫಜೀತಿಯಾದದ್ದೂ ಸೇರಿತು. ಹಿಟ್ಟು, ಹಗ್ಗ, ಮದುವೆ ಮೂರೂ ಒಂದೇ ಪುಟದಲ್ಲಿ. ನನಗೆ ಸಣ್ಣ ಹೆಮ್ಮೆಯೂ ಆಯಿತು.

ಒಂದು ಮಧ್ಯಾಹ್ನ ಮುದ್ದೆಯ ಬರಹದ ಕೆಳಗೆ, ಹೆಸರು ಹಾಕದ ಯಾರೋ ಬರೆದಿದ್ದರು: “ಗಂಟು ಗಟ್ಟಿ ಐತೆ ಅಕ್ಕ. ಒತ್ತಿದ್ರೂ ಒಡೆಯಲ್ಲ. ತಾನಾಗೇ ಕರಗ್ತದಾ?”

ಹೊಸದಾಗಿ ಒಲೆ ಮುಂದೆ ನಿಂತ ಹುಡುಗಿ ಎಂದುಕೊಂಡೆ. ಉಪದೇಶ ಮಾಡುವ ಅವಕಾಶ ಸಿಕ್ಕರೆ ನಾನು ಬಿಡುವವಳಲ್ಲ. ತಾನಾಗಿ ಕರಗುವುದಿಲ್ಲವೆಂದೂ, ಕೋಲಿನಿಂದ ಪಾತ್ರೆಯ ಅಂಚಿಗೆ ಒತ್ತಿ ಒಡೆಯಬೇಕೆಂದೂ, ಮುಂದಿನ ಸಲ ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿಕೊಂಡರೆ ಈ ತೊಂದರೆಯೇ ಇರುವುದಿಲ್ಲವೆಂದೂ ಬರೆದೆ. ತಡ ಮಾಡಿದಷ್ಟೂ ಗಟ್ಟಿಯಾಗುತ್ತದೆ ಎಂದು ಕೊನೆಗೆ ಸೇರಿಸಿದೆ.

ಸ್ವಲ್ಪ ಹೊತ್ತಿಗೆ, ಎಷ್ಟು ತಡವಾದರೆ ಎಷ್ಟು ಗಟ್ಟಿಯಾಗುತ್ತದೆ ಎಂದು ಕೇಳಿದಳು. ಇದೇನು ಮುದ್ದೆಯೋ ಪರೀಕ್ಷೆಯೋ ಎನಿಸಿತು. ತಿಂದರೆ ಹಲ್ಲು ಹೋಗುವಷ್ಟು ಎಂದು ತಮಾಷೆಗೆ ಬರೆದೆ.

ಮಾರನೆಯ ದಿನ ಉತ್ತರ ಬಂದಿತ್ತು. “ಹಿಟ್ಟಿಂದಲ್ಲ ಅಕ್ಕ. ನಂದು. ಎದೇದು.”

ನಾನು ಬರೆದದ್ದನ್ನು ಮೊದಲಿನಿಂದ ಮತ್ತೆ ಓದಿದೆ. ಒತ್ತಿ ಒಡೆಯಬೇಕು. ಹಲ್ಲು ಹೋಗುವಷ್ಟು. ಪ್ರತಿ ಸಾಲೂ ಮುದ್ದೆಗೆ ಸರಿಯಾಗಿತ್ತು.

ಅದು ಎಂಥ ಗಂಟು ಎಂದು ಊಹಿಸಲು ನಾನು ಕಷ್ಟಪಡಬೇಕಾಗಿರಲಿಲ್ಲ. ನನಗೂ ಆಗಿತ್ತು. ಕೆಲವು ವರ್ಷಗಳ ಹಿಂದೆ, ಸ್ನಾನ ಮಾಡುವಾಗ ಕೈಗೆ ಸಿಕ್ಕಿತು. ನೋವಿಲ್ಲವೆಂದು ಸುಗ್ಗಿ ಮುಗಿಯುವ ತನಕ ಸುಮ್ಮನಿದ್ದೆ. ಆಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು, ಕೂದಲು ಹೋಗುವ ಔಷಧಿ ಕೊಟ್ಟರು, ಬದುಕಿದೆ. ಅದನ್ನು ಬ್ಲಾಗಿನಲ್ಲಿ ಬರೆದೂ ಇದ್ದೆ. ‘ಒಂದು ಬೇಸಿಗೆ’ ಎಂದು ಅದರ ಹೆಸರು.

ಅವಳಿಗೆ ಅದನ್ನು ಕಳಿಸೋಣವೆಂದು ತೆರೆದು ಓದಿದೆ. ಅದರಲ್ಲಿ ಆಸ್ಪತ್ರೆಯ ಕಿಟಕಿ ಇತ್ತು. ಕಿಟಕಿಯಾಚೆ ಬೇವಿನ ಮರ ಹೂ ಬಿಟ್ಟಿತ್ತು. ಪಕ್ಕದ ಮಂಚದವರು ಕೊಟ್ಟ ಮಜ್ಜಿಗೆ ಇತ್ತು. ‘ಆ ಕಾಯಿಲೆ’ ಎಂದು ಒಂದು ಕಡೆ ಇತ್ತು, ‘ಆ ಜಾಗ’ ಎಂದು ಇನ್ನೊಂದು ಕಡೆ. ಎದೆ ಎಂಬ ಪದವಿಲ್ಲ, ಗಂಟು ಎಂಬ ಪದವಿಲ್ಲ, ಕ್ಯಾನ್ಸರ್ ಎಂಬ ಪದವಂತೂ ಇಲ್ಲವೇ ಇಲ್ಲ. ಟ್ಯಾಗುಗಳು: ಬೇಸಿಗೆ, ಬೇವು, ಬದುಕು. ಎಲ್ಲ ಬರಹಗಳ ಟ್ಯಾಗು ತಿದ್ದಿದವಳು ಇದೊಂದನ್ನು ಮುಟ್ಟದೆ ದಾಟಿಹೋಗಿದ್ದೆ. ಬಂಧುಗಳು ಓದುತ್ತಾರೆ, ಅತ್ತೆಗೆ ನಾನೇ ಓದಿ ಹೇಳುತ್ತೇನೆ, ಸುಮ್ಮನೆ ಯಾಕೆ ಎಂದು. ಹಿಂಬದಿಯ ಪುಟ ನೋಡಿದರೆ, ಬೇವಿನ ಹೂವಿನ ಪಚಡಿ ಮಾಡುವುದು ಹೇಗೆಂದು ಹುಡುಕಿಕೊಂಡು ಬಂದವರು ಅದನ್ನು ಓದಿದ್ದರು. ಅವರಿಗೂ ಪಚಡಿ ಸಿಕ್ಕಿರಲಿಲ್ಲ.

ಅವಳಿಗೆ ನೇರವಾಗಿ ಬರೆದೆ. ನಾನು ತಪ್ಪು ತಿಳಿದೆ, ಒತ್ತಬೇಡ, ಉಜ್ಜಬೇಡ, ಡಾಕ್ಟರಿಗೆ ತೋರಿಸು, ಎಲ್ಲ ಗಂಟೂ ಕೆಟ್ಟದ್ದಲ್ಲ, ಆದರೆ ಯಾವುದೆಂದು ಅವರೇ ನೋಡಿ ಹೇಳಬೇಕು, ನೋವಿಲ್ಲ ಎಂದು ಬಿಡಬೇಡ, ನನಗೂ ಆಗಿತ್ತು, ಬದುಕಿದ್ದೇನೆ. ಅವಳು ಅದೇ ಮುದ್ದೆಯ ಕೆಳಗೆ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಹುಳಿಯಾರು ಕಡೆಯವಳು, ಬೋರನಕಣಿವೆಗೆ ಹತ್ತಿರದ ಊರಿಗೆ ಮದುವೆಯಾದವಳು. ಟೈಪು ಮಾಡಲು ಅಷ್ಟು ಬಾರದೆ ಮೊಬೈಲಿಗೆ ಬಾಯಲ್ಲೇ ಹೇಳಿ ಹುಡುಕಿದ್ದಳಂತೆ. ಮನೆ ತುಂಬ ಜನ. ಎದೆ ಎಂದರೆ ಯಾರಿಗಾದರೂ ಕೇಳಿಸೀತೆಂದು ಬರೀ ‘ಗಂಟು’ ಎಂದಿದ್ದಳು. ಮೊಬೈಲು ಅವಳನ್ನು ನನ್ನ ಮುದ್ದೆಯ ಹತ್ತಿರ ತಂದು ಬಿಟ್ಟಿತ್ತು. ಇಲ್ಲಿ ಹೆಣ್ಣು ದನಿ ಕಂಡದ್ದರಿಂದ ಕೇಳಿದೆ ಎಂದಳು. ಗಂಡನಿಗೆ ಹೇಳಿಲ್ಲ. ಅತ್ತೆಗೆ ಹೇಳುವ ಮಾತೇ ಇಲ್ಲ. ಆಸ್ಪತ್ರೆಯಲ್ಲಿ ಗಂಡಸು ಡಾಕ್ಟರು ಇದ್ದರೆ ಏನು ಮಾಡುವುದು ಎಂದು ಕೇಳಿದಳು. ತೋರಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಅವಳು ಮೊಬೈಲಿಗೆ ಆಡದ ಪದವನ್ನು ನಾನೂ ಬ್ಲಾಗಿನಲ್ಲಿ ಆಡಿರಲಿಲ್ಲ. ಇಬ್ಬರೂ ಒಂದೇ ಶಾಲೆಯಲ್ಲಿ ಮಾತು ಕಲಿತವರು. ‘ಒಂದು ಬೇಸಿಗೆ’ಯನ್ನು ತಿದ್ದಿ ಬರೆಯಬೇಕು, ಕೆಳಗೆ ‘ಎದೆಯ ಗಂಟು’ ಎಂದು ಟ್ಯಾಗು ಹಾಕಬೇಕು ಎಂದು ತೀರ್ಮಾನಿಸಿದೆ. ಗಂಡ, ಹಾಕು ಎಂದರು. ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೇ ಆಶ್ಚರ್ಯವಾಯಿತು. ಉಳಿದವರು ಅತ್ತೆ.

ಅತ್ತೆ ಪಡಸಾಲೆಯಲ್ಲಿ ಅವರೆಕಾಳು ಹಿಸುಕುತ್ತಿದ್ದರು. ಕಣ್ಣು ಮಂಜು, ಕಿವಿ ಚುರುಕು. ವಿಷಯವನ್ನೆಲ್ಲ ಹೇಳಿ, ಹೆಸರು ಹಾಕುತ್ತೇನೆ ಎಂದೆ. ಅವರು ಕೈ ನಿಲ್ಲಿಸಲಿಲ್ಲ. ಹೋದ ಕಾಯಿಲೆಯನ್ನು ಬಾಗಿಲಿಗೆ ನಿಂತು ಕೂಗಿ ಕರೆಯುತ್ತೀಯ ಎಂದರು. ಹಾಲು ತುಪ್ಪ ಹಾಕಿ ಸಾಕಿದ ಮನೆಯ ಮಾತು ಹಾಗಿರಲಿ, ನನ್ನ ಮಗನ ಮುಖ ನೋಡಿಯಾದರೂ ಬಾಯಿ ಮುಚ್ಚು ಎಂದರು. ನಾನೂ ಬಿಡಲಿಲ್ಲ. ಕರೆಯದಿದ್ದರೂ ಅದು ನನ್ನ ಮನೆ ಹುಡುಕಿಕೊಂಡು ಬಂದಿತ್ತಲ್ಲ ಎಂದೆ. ಆ ಹುಡುಗಿಗೂ ಯಾರೂ ಕರೆಯದೆಯೇ ಬಂದಿದೆ ಎಂದೆ. ದನಿ ಏರಿತ್ತು. ಅತ್ತೆಯ ಎದುರು ಹಾಗೆ ಮಾತಾಡಿ ನನಗೆ ಅಭ್ಯಾಸವಿರಲಿಲ್ಲ.

ಅತ್ತೆ ಹಂದನಕೆರೆಗೆ ಕೊಟ್ಟಿದ್ದ ತಮ್ಮ ತಂಗಿಯ ವಿಷಯ ತೆಗೆದರು. ಆಕೆ ಚಿಕ್ಕ ವಯಸ್ಸಿಗೇ ತೀರಿಕೊಂಡದ್ದು ನನಗೆ ಗೊತ್ತಿತ್ತು. ಗಾಳಿ ಸೋಕಿ ಸತ್ತಳು ಎಂದೇ ಈ ಮನೆಯಲ್ಲಿ ಹೇಳುತ್ತಿದ್ದರು.

“ಗಾಳಿ ಅಲ್ಲ ಕಣವ್ವ,” ಎಂದರು. “ಎದೇಲಿ ಹುಣ್ಣಾಗಿತ್ತು. ಸೆರಗು ಮುಚ್ಕಂಡೇ ಹೋದ್ಲು. ನನ್ ಕೈಲೂ ಹೇಳ್ಲಿಲ್ಲ.”

ನಾನು ಪಕ್ಕದಲ್ಲಿ ಕುಳಿತು ಕಾಳು ಹಿಸುಕಿದೆ. ಬುಟ್ಟಿ ಮುಗಿಯುವ ಹೊತ್ತಿಗೆ, ಹಾಕಿಕೋ, ಆದರೆ ಅದರಲ್ಲಿ ನನ್ನ ಹೆಸರು ತರಬೇಡ ಎಂದರು. ತಂದಿಲ್ಲ.

ಆ ಬರಹವನ್ನು ಬಿಚ್ಚಿ ಮತ್ತೆ ಬರೆದೆ. ಬೇವಿನ ಹೂವನ್ನು ತೆಗೆಯಲು ಮನಸ್ಸಾಗದೆ ಒಂದು ಮೂಲೆಗೆ ತಳ್ಳಿದೆ. ಕೈಗೆ ಸಿಕ್ಕ ಗಂಟು ಹೇಗಿತ್ತು, ಎಲ್ಲಿ ತೋರಿಸಿದೆ, ಡಾಕ್ಟರು ಹೇಗೆ ನೋಡುತ್ತಾರೆ, ಜೊತೆಗೆ ನರ್ಸಮ್ಮ ಇರುತ್ತಾರೆ, ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ, ಎಲ್ಲ ಬರೆದೆ. ಕೆಳಗೆ ಎದೆಯ ಗಂಟು, ಎದೆ ಗಂಟು, ಎದೇಲಿ ಗಂಟು, ಕ್ಯಾನ್ಸರ್ ಎಂದು ಟ್ಯಾಗು ಅಂಟಿಸಿದೆ. ಕೊನೆಯದನ್ನು ಒಮ್ಮೆ ಟೈಪು ಮಾಡಿ, ಅಳಿಸಿ, ಮತ್ತೆ ಟೈಪು ಮಾಡಿದೆ. ಎಷ್ಟೇ ವಾದ ಮಾಡಿದರೂ ನಾನು ಆ ಮನೆಯ ಸೊಸೆಯೇ.

ಬರಹ ಓದಿದೆ ಎಂದು ಅವಳು ತಿಳಿಸಿದಳು. ಒಬ್ಬಳೇ ಹೋಗಲು ಭಯ ಎಂದಳು. ಅಷ್ಟು ಸಾಕಾಯಿತು. ಕಿಬ್ಬನಹಳ್ಳಿಯ ಕ್ರಾಸಿಗೆ ಬಾ, ನಾನು ತಿಪಟೂರು ಕಡೆಯಿಂದ ಬಂದು ನಿಂತಿರುತ್ತೇನೆ, ಇಬ್ಬರೂ ತುಮಕೂರಿಗೆ ಹೋಗೋಣ ಎಂದು ದಿನ ಗೊತ್ತುಮಾಡಿ ಬರೆದೆ. ಗುರುತಿಗೆ ಕೈಯಲ್ಲಿ ಹಸಿರು ಕೊಡೆ ಹಿಡಿದಿರುತ್ತೇನೆ ಎಂದೆ. ಹುಡುಕುವವಳಿಗೆ ಸಿಗಬೇಕಲ್ಲ. ಅವಳು ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ.

ಆ ದಿನ ಮೋಡವೂ ಇರಲಿಲ್ಲ, ಅಂಥ ಬಿಸಿಲೂ ಇರಲಿಲ್ಲ. ಹಸಿರು ಕೊಡೆ ಬಿಚ್ಚಿಕೊಂಡು ಅಂಗಡಿ ಸಾಲಿನ ಮುಂದೆ ನಿಂತ ನನ್ನನ್ನು ಎಳನೀರಿನವನು ಎರಡು ಸಲ ನೋಡಿದ. ಚಿಕ್ಕನಾಯಕನಹಳ್ಳಿ ಕಡೆಯಿಂದ ಬಸ್ಸುಗಳು ಬಂದವು. ಇಳಿದ ಹೆಂಗಸರಲ್ಲಿ ಒಬ್ಬಳ ಕಂಕುಳಲ್ಲಿ ಮಗು, ಒಬ್ಬಳ ತಲೆಯ ಮೇಲೆ ಮೂಟೆ, ಒಬ್ಬಳು ಇಳಿಯುತ್ತಲೇ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಳು. ಪ್ರತಿಯೊಬ್ಬಳೂ ಅವಳಿರಬಹುದು. ಯಾರೂ ನನ್ನ ಹತ್ತಿರ ಬರಲಿಲ್ಲ. ನಿಂತು ನಿಂತು ಕಾಲು ಸೋತವು. ಮಧ್ಯಾಹ್ನ ಊರಿಗೆ ಹಿಂದಿರುಗಿದೆ. ಅತ್ತೆ ಬಾಗಿಲಲ್ಲೇ ಕುಳಿತಿದ್ದರು. ಬಂದಳಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಅಂದು ಸರಿಯಾಗಿ ಉಣ್ಣಲಿಲ್ಲ. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು. ಕೋಪಕ್ಕಿಂತ ಕೆಳಗೆ ಭಯವಿತ್ತು.

ವಾರ ಕಳೆದ ಮೇಲೆ ಮುದ್ದೆಯ ಬರಹದ ಕೆಳಗೆ ಕಂಡಳು. ಅಂದು ಬಂದಿದ್ದಳಂತೆ. ಹಸಿರು ಕೊಡೆಯನ್ನು ಬಸ್ಸಿನೊಳಗಿಂದಲೇ ನೋಡಿದಳಂತೆ. ನಾನು ನಿಜವಾಗಿಯೂ ನಿಂತಿರುವುದು ಕಂಡು ಅಳು ಬಂದು, ಇಳಿದು ಎದುರು ಬರಲು ನಾಚಿಕೆಯಾಗಿ, ಅದೇ ಬಸ್ಸಿನಲ್ಲಿ ಕುಳಿತು ಸೀದಾ ತುಮಕೂರಿಗೆ ಹೋದಳಂತೆ. ಒಬ್ಬಳೇ ತೋರಿಸಿಕೊಂಡಳಂತೆ. ಸೂಜಿ ಹಾಕಿ ನೋಡಿದರಂತೆ. ಆಮೇಲೆ ಗಂಡನಿಗೂ ಹೇಳಿದಳಂತೆ. ಕೊನೆಗೆ ಬರೆದಿದ್ದಳು: “ಒಳ್ಳೇದಲ್ಲ ಅಂದವ್ರೆ. ಸೋಮವಾರ ಆಪರೇಷನ್. ಬತ್ತೀನಿ ಅಕ್ಕ.”

ಬತ್ತೀನಿ. ಇದೇ ಪದವನ್ನು ನನ್ನ ಬಾಯಿಂದ ಹೊರಡಿಸಲು ಅತ್ತೆ ಎಷ್ಟು ಸಲ ಹೊಸ್ತಿಲಿನಿಂದ ವಾಪಸು ಕರೆದಿದ್ದರು. ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಹೇಳಬೇಕೆಂದು ಹಟ ಹಿಡಿದವಳು ನಾನು. ಈ ಒಂದು ಮಾತನ್ನು ಅವಳು ತಿರುಗಿಸಿ ಹೇಳಿದ್ದಕ್ಕೆ ದೇವರಿಗೆ ಕೈಮುಗಿದೆ. ಬಾ ತಾಯಿ ಎಂದು ಬರೆದೆ.

ಆಮೇಲೆ ಸದ್ದಿಲ್ಲ. ಅವಳ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಯಾರನ್ನು ಕೇಳುವುದು. ನಾನು ‘ಗಂಟು’ ಟ್ಯಾಗನ್ನು ಒಡೆದು ಹಿಟ್ಟಿನ ಗಂಟು, ಹಗ್ಗದ ಗಂಟು, ಮದುವೆಯ ಗಂಟು, ಎದೆಯ ಗಂಟು ಎಂದು ಬೇರೆ ಮಾಡಿದೆ. ಮುದ್ದೆಯ ಕೆಳಗಿನ ನಮ್ಮ ಮಾತುಗಳನ್ನು ಅಳಿಸಲಿಲ್ಲ. ಬರೀ ಗಂಟು ಎನ್ನುವವರು ಇನ್ನೂ ಬರಬಹುದು. ಎದೆ ಗಂಟು ಎಂದು ಹುಡುಕುವವರು ಈಗ ಬೇವಿನ ಹೂವಿನ ಬರಹಕ್ಕೆ ಬರುತ್ತಾರೆ. ಕೆಲವರು ಕೇಳುತ್ತಾರೆ, ಬಹಳ ಜನ ಓದಿ ಸುಮ್ಮನೆ ಹೋಗುತ್ತಾರೆ. ನಮ್ಮ ಬಂಧುಗಳಲ್ಲಿ ಒಬ್ಬರು, ಇದನ್ನೆಲ್ಲ ಊರಿಗೆ ಸಾರಬೇಕಾ ಎಂದು ಅತ್ತೆಯ ಹತ್ತಿರ ದೂರಿದರು. ಅತ್ತೆ, ನನಗೆ ಕಿವಿ ಕೇಳುವುದಿಲ್ಲ ಎಂದುಬಿಟ್ಟರು.

ಬೇಸಿಗೆ ಹೋಯಿತು, ಮಳೆ ಹೋಯಿತು, ರಾಗಿ ಕೊಯ್ಲಾಯಿತು. ದಿನಾ ಮಧ್ಯಾಹ್ನ ಅತ್ತೆ ಏನಾದರೂ ಬಂತಾ ಎಂದು ಕೇಳುವುದನ್ನು ಬಿಟ್ಟರು. ನಾನೂ ನೋಡುವುದನ್ನು ಬಿಟ್ಟಿದ್ದೆ ಎಂದು ಹೇಳಬಹುದು, ಆದರೆ ಸುಳ್ಳಾಗುತ್ತದೆ.

ಹೊಸ ರಾಗಿಯನ್ನು ಗಿರಣಿಗೆ ಕಳಿಸಿದ ದಿನ ಮುದ್ದೆಯ ಬರಹದ ಕೆಳಗೆ ಹೆಸರಿಲ್ಲದ ಒಂದು ಮಾತು ಬಂದು ಕುಳಿತಿತ್ತು. ಅತ್ತೆಯನ್ನು ಕೂಗಿ ಕರೆದು, ಅವರು ಬಂದು ಕೂರುವ ತನಕ ತಡೆದುಕೊಂಡು, ಗಟ್ಟಿಯಾಗಿ ಓದಿದೆ.

“ಆಪರೇಷನ್ ಆದ ಕಡೆ ಕೈ ಇನ್ನೂ ಮ್ಯಾಲೆ ಎತ್ತಕ್ಕಾಗಲ್ಲ. ಎಡಗೈಲೇ ಹಿಟ್ಟು ತೊಳಸಿದೆ. ಒಂದ್ ಗಂಟೂ ಇಲ್ಲ ಅಕ್ಕ.”

ಯಾವ ಗಂಟು ಎಂದು ಈ ಸಲವೂ ನಾನು ಕೇಳಲಿಲ್ಲ.